ಇಲಿಗೆ ಸಿಕ್ಕ ಮದ್ದು ಊರಿಗೆ ಸಿಗುವುದೆಂದು?

ಇಲಿಯ ಲಿವರ್ ಕಾಪಾಡುವ ಗಿಡಗಳಿಗೆ ನಮ್ಮಲ್ಲಿ ಬರವಿಲ್ಲ. ನೆಲನೆಲ್ಲಿ, ಗರಗ, ಅಮೃತಬಳ್ಳಿ, ನೆಲಬೇವು, ನುಗ್ಗೆ, ಹೊನ್ನೆ... ಹಿತ್ತಲಿನ, ಬದುವಿನ, ಕಾಡಿನ ಯಾವ ಗಿಡದ ಹೆಸರು ಹೇಳಿದರೂ ಅದರ ಸಾರ ಇಲಿಯ ಯಕೃತ್ತನ್ನು ವಿಷದಿಂದ ಉಳಿಸಿತು ಎನ್ನುವ ಪ್ರಬಂಧ ಎಲ್ಲೋ ಒಂದು ಜರ್ನಲ್‌ನಲ್ಲಿ ಸಿಗುತ್ತದೆ. ಗಿಡದ ಹೆಸರು ಬದಲಾಗುತ್ತದೆ, ಕಾಲೇಜಿನ ಹೆಸರು ಬದಲಾಗುತ್ತದೆ. ಕೊನೆಯ ಸಾಲು ಮಾತ್ರ ಹೆಚ್ಚುಕಡಿಮೆ ಒಂದೇ: ಈ ಗಿಡಕ್ಕೆ ಯಕೃತ್ತನ್ನು ರಕ್ಷಿಸುವ ಗುಣವಿದೆ, ಹೆಚ್ಚಿನ ಸಂಶೋಧನೆ ಆಗಬೇಕಿದೆ. ಆ ಹೆಚ್ಚಿನ ಸಂಶೋಧನೆಯನ್ನು ಮಾಡುವವರು ಯಾರು ಎಂಬುದು ನನ್ನ ಪ್ರಶ್ನೆ.

ನಾನು ಓದುತ್ತಿರುವುದು ಬಿ.ಇ., ಅದರಲ್ಲೂ ಎಲೆಕ್ಟ್ರಾನಿಕ್ಸ್. 'ನಿನಗ್ಯಾಕಪ್ಪ ಇಲಿ, ಲಿವರ್ ಉಸಾಬರಿ?' ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಎಂ.ಫಾರ್ಮಾ ಓದುವ ನನ್ನ ಅಕ್ಕನ ಪ್ರಾಜೆಕ್ಟ್ ಇದೇ ವಿಷಯದ್ದು. ಅದರ ಗ್ರಾಫ್‌ಗಳನ್ನು ಕೂತು ಮಾಡಿಕೊಟ್ಟವನು ನಾನು. ಇನ್ನೊಂದು, ನಮ್ಮೂರು ಸಿಂಧನೂರು ತಾಲ್ಲೂಕಿನ ಮುಕ್ಕುಂದ. ನಮ್ಮ ಕಡೆ ಕಣ್ಣು ಹಳದಿಯಾದರೆ ಜನ ಮೊದಲು ಕೇಳುವುದು ರಕ್ತ ಪರೀಕ್ಷೆ ಎಲ್ಲಿ ಮಾಡಿಸೋಣ ಎಂದಲ್ಲ, ಕಾಮಣಿ ಔಷಧ ಯಾವ ಊರಲ್ಲಿ ಕೊಡುತ್ತಾರೆ ಎಂದು. ಲ್ಯಾಬಿನ ಗ್ರಾಫು ಮತ್ತು ಊರಿನ ಔಷಧ, ಇವೆರಡರ ನಡುವೆ ಒಂದು ದಾರಿ ಇರಬೇಕಿತ್ತು. ಅದು ಕಾಣುತ್ತಿಲ್ಲ.

ಮೊದಲು ಆ ಪರೀಕ್ಷೆ ಹೇಗೆ ನಡೆಯುತ್ತದೆ ನೋಡೋಣ. ಬಿಳಿ ಇಲಿಗಳನ್ನು ಐದು ಗುಂಪು ಮಾಡುತ್ತಾರೆ, ಸಾಮಾನ್ಯವಾಗಿ ಗುಂಪಿಗೆ ಆರು. ಮೊದಲ ಗುಂಪಿಗೆ ಏನೂ ಮಾಡುವುದಿಲ್ಲ. ಎರಡನೆಯದಕ್ಕೆ ಬರೀ ವಿಷ. ಮೂರನೆಯದಕ್ಕೆ ವಿಷದ ಜೊತೆ ಸಿಲಿಮರಿನ್, ಅಂದರೆ ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದಿಂದ ತೆಗೆದ, ಹೋಲಿಕೆಗೆ ಎಲ್ಲರೂ ಬಳಸುವ ಔಷಧ. ನಾಲ್ಕು ಮತ್ತು ಐದನೆಯದಕ್ಕೆ ವಿಷದ ಜೊತೆ ನಮ್ಮ ಗಿಡದ ಸಾರ, ಒಂದಕ್ಕೆ ಕಡಿಮೆ ಪ್ರಮಾಣ, ಇನ್ನೊಂದಕ್ಕೆ ಹೆಚ್ಚು. ಕೆಲ ದಿನಗಳ ನಂತರ ರಕ್ತ ತೆಗೆದು ಎಸ್‌ಜಿಪಿಟಿ, ಎಸ್‌ಜಿಒಟಿ, ಬಿಲಿರುಬಿನ್ ಅಳೆಯುತ್ತಾರೆ. ಎಸ್‌ಜಿಪಿಟಿ ಯಕೃತ್ತಿನ ಜೀವಕೋಶದ ಒಳಗೇ ಇರಬೇಕಾದ ಕಿಣ್ವ. ಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ. ರಕ್ತದಲ್ಲಿ ಅದು ಏರಿದಷ್ಟೂ ಒಳಗೆ ಹಾನಿ ಹೆಚ್ಚಾಗಿದೆ ಎಂದು ಲೆಕ್ಕ. ಕೊನೆಗೆ ಇಲಿಯನ್ನು ಕೊಂದು, ಯಕೃತ್ತಿನ ತೆಳು ಪದರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆಲ್ಲ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು.

ಗ್ರಾಫ್ ಬರೆಯುವವನಿಗೆ ಇದು ಸುಲಭದ ಕೆಲಸ. ಐದು ಕಂಬ. ಮೊದಲನೆಯದು ಗಿಡ್ಡ, ಎರಡನೆಯದು ಆಕಾಶಕ್ಕೆ, ಉಳಿದ ಮೂರು ಅವುಗಳ ನಡುವೆ. ಅಕ್ಕನ ವರದಿಯ ಜೊತೆಗೆ ಹೋಲಿಕೆಗೆಂದು ಅವಳು ತೆಗೆದಿಟ್ಟಿದ್ದ ಹತ್ತಾರು ಪ್ರಬಂಧಗಳನ್ನು ತಿರುವಿದೆ. ಎಲ್ಲದರಲ್ಲೂ ಅದೇ ಐದು ಕಂಬ, ಅದೇ ಇಳಿಜಾರು. 'ಅಕ್ಕಾ, ಫೇಲಾದ ಗಿಡ ಒಂದೂ ಇಲ್ಲವಾ?' ಎಂದು ಕೇಳಿದೆ. 'ಫೇಲಾದ್ರ ಯಾರ್ ಛಾಪಸ್ತಾರ ತಮ್ಮಾ?' ಎಂದಳು. ನಗುತ್ತಲೇ ಹೇಳಿದ ಮಾತು, ಆದರೆ ಇಡೀ ಕಥೆ ಅದರಲ್ಲೇ ಇದೆ.

ಒಳ್ಳೆಯ ಕೆಲಸವನ್ನು ಹಗುರವಾಗಿ ಕಾಣುವುದು ಬೇಡ. ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಹೊನ್ನೆ ಮರದ ತೊಗಟೆಯನ್ನು ಹೀಗೆ ಪರೀಕ್ಷಿಸಿ 'ಇಂಡಿಯನ್ ಜರ್ನಲ್ ಆಫ್ ಫಾರ್ಮಕಾಲಜಿ'ಯಲ್ಲಿ ಪ್ರಕಟಿಸಿದರು. ನೀರಿನಲ್ಲಿ ತೆಗೆದ ಸಾರ, ಮೆಥನಾಲ್‌ನಲ್ಲಿ ತೆಗೆದ ಸಾರ ಎರಡನ್ನೂ ಕೊಟ್ಟು ನೋಡಿದರು. ಸಿಲಿಮರಿನ್ ಜೊತೆ ಹೋಲಿಸಿದರು. ಮೆಥನಾಲ್ ಸಾರ ಚೆನ್ನಾಗಿ ಕೆಲಸ ಮಾಡಿತು. ಯಾವ ಗಿಡದಲ್ಲಿ ಹುಡುಕಬಹುದು ಎಂಬುದಕ್ಕೆ ಇಂಥದ್ದೊಂದು ಮೊದಲ ಸುಳಿವು ಬೇಕೇ ಬೇಕು. ನನ್ನ ತಕರಾರು, ಇಪ್ಪತ್ತು ವರ್ಷ ಕಳೆದರೂ ಊರೂರಿನ ಕಾಲೇಜುಗಳಲ್ಲಿ ನಾವು ಅದೇ ಮೊದಲ ಮೆಟ್ಟಿಲನ್ನೇ ಮತ್ತೆ ಮತ್ತೆ ಹತ್ತುತ್ತಿದ್ದೇವೆ ಎನ್ನುವುದು.

ಆ ಮೆಟ್ಟಿಲಿನಲ್ಲೇ ಒಂದು ತೊಡಕಿದೆ. ಇಂಥ ಪರೀಕ್ಷೆಗಳಲ್ಲಿ ತೀರಾ ಹೆಚ್ಚಾಗಿ ಬಳಸುವ ವಿಷ ಕಾರ್ಬನ್ ಟೆಟ್ರಾಕ್ಲೋರೈಡ್. ಒಂದು ಕಾಲದಲ್ಲಿ ಬೆಂಕಿ ಆರಿಸಲು, ಬಟ್ಟೆ ಡ್ರೈಕ್ಲೀನ್ ಮಾಡಲು ಬಳಸುತ್ತಿದ್ದರು. ಓಜೋನ್ ಪದರಕ್ಕೆ ಕುತ್ತು ಎಂದು ಮಾಂಟ್ರಿಯಲ್ ಒಪ್ಪಂದದಡಿ ಜಗತ್ತೇ ಅದರ ಅಂಥ ಬಳಕೆಯನ್ನು ಕೈಬಿಟ್ಟಿತು. ನಮ್ಮ ತಾಲ್ಲೂಕಿನಲ್ಲಿ ಅದನ್ನು ಕುಡಿದು ಲಿವರ್ ಕೆಡಿಸಿಕೊಂಡವರು ಒಬ್ಬರೂ ಸಿಗಲಾರರು. ನಮ್ಮಲ್ಲಿ ಲಿವರ್ ಕೆಡುವುದು ಸಾರಾಯಿಯಿಂದ, ಹೆಪಟೈಟಿಸ್ ವೈರಸ್‌ಗಳಿಂದ, ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಕೊಬ್ಬಿನಿಂದ, ಕೆಲವೊಮ್ಮೆ ನುಂಗುವ ಮಾತ್ರೆಗಳಿಂದ.

ಇನ್ನೂ ಸೂಕ್ಷ್ಮವಾದದ್ದು ಮುಂದಿದೆ. ಈ ಟೆಟ್ರಾಕ್ಲೋರೈಡ್ ತಾನಾಗಿಯೇ ಅಷ್ಟು ಕೆಡುಕು ಮಾಡುವುದಿಲ್ಲ. ಯಕೃತ್ತಿನ ಸಿವೈಪಿ 2ಇ1 ಎಂಬ ಕಿಣ್ವ ಅದನ್ನು ಒಡೆದಾಗ ಹುಟ್ಟುವ ತುಣುಕು ಕೋಶದ ಪೊರೆಯನ್ನು ಸುಡುತ್ತದೆ. ಈಗ ಯೋಚಿಸಿ. ವಿಷದ ಮೊದಲೇ ಅಥವಾ ವಿಷದ ಜೊತೆಗೇ ನಾವು ಕೊಡುವ ಗಿಡದ ಸಾರ ಆ ಕಿಣ್ವವನ್ನೇ ಕಟ್ಟಿಹಾಕಿದರೆ ವಿಷ ವಿಷವಾಗುವುದೇ ಇಲ್ಲ. ಗ್ರಾಫಿನ ಕಂಬ ಇಳಿಯುತ್ತದೆ, 'ರಕ್ಷಿಸಿತು' ಎಂದು ಬರೆಯುತ್ತೇವೆ. ಫ್ಯೂಸ್ ಕಿತ್ತು ಮೋಟರ್ ಸುಡಲಿಲ್ಲ ಎಂದ ಹಾಗೆ. ಅದು ಸುಳ್ಳಲ್ಲ, ಆದರೆ ಮೋಟರ್ ಈಗಾಗಲೇ ಸುಟ್ಟ ಮೇಲೆ ಬಂದವನಿಗೆ ಅದರಿಂದ ಪ್ರಯೋಜನವಿಲ್ಲ. ರೋಗಿ ಬರುವುದು ಯಾವಾಗಲೂ ಕಣ್ಣು ಹಳದಿಯಾದ ಮೇಲೆ. ಹಾನಿಯಾದ ನಂತರ ಸಾರ ಕೊಟ್ಟು ನೋಡಿದ ಪ್ರಬಂಧಗಳು ಅಕ್ಕನ ಕಟ್ಟಿನಲ್ಲಿ ಬೆರಳೆಣಿಕೆಯಷ್ಟಿದ್ದವು.

ಪ್ರಮಾಣದ ಲೆಕ್ಕವನ್ನೂ ಮಾಡಿ ನೋಡಿದೆ, ನಮ್ಮಂಥವರಿಗೆ ಅದೊಂದು ಚಟ. ಇಲಿಯ ತೂಕದ ಕಿಲೋಗೆ 400 ಮಿಲಿಗ್ರಾಂ ಸಾರ ಇಂಥ ಪರೀಕ್ಷೆಗಳಲ್ಲಿ ಮಾಮೂಲಿ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸಲು ಸುಮಾರು 6.2ರಿಂದ ಭಾಗಿಸುತ್ತಾರೆ. ಅಲ್ಲಿಗೆ ಕಿಲೋಗೆ 65 ಮಿಲಿಗ್ರಾಂ, 60 ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ ಹತ್ತಿರಹತ್ತಿರ 4 ಗ್ರಾಂ. ಇದು ಸಾರದ ಲೆಕ್ಕ. 100 ಗ್ರಾಂ ಒಣಗಿದ ಗಿಡದಿಂದ 10 ಗ್ರಾಂ ಸಾರ ಸಿಗುತ್ತದೆ ಎಂದು ಹಿಡಿದರೆ ದಿನಕ್ಕೆ 40 ಗ್ರಾಂ ಒಣ ಗಿಡ, ಹಸಿಯಾದರೆ ಅದರ ನಾಲ್ಕೈದು ಪಟ್ಟು. ಊರಲ್ಲಿ ಮಜ್ಜಿಗೆಯಲ್ಲಿ ಅರೆದು ಕೊಡುವುದು ಲಿಂಬೆಹಣ್ಣಿನ ಗಾತ್ರದ ಉಂಡೆ. ಲ್ಯಾಬಿನಲ್ಲಿ ಮೆಥನಾಲ್, ಊರಲ್ಲಿ ಮಜ್ಜಿಗೆ. ಇಲಿಯ ಫಲಿತಾಂಶ ತೋರಿಸಿ 'ನಮ್ಮ ಅಜ್ಜಿಯ ಔಷಧವನ್ನು ವಿಜ್ಞಾನ ಒಪ್ಪಿದೆ' ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುವವರಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲ.

ಇನ್ನು ಊರಿನ ಮಾತು. ಕಾಮಣಿ ಔಷಧ ಕೊಡುವ ಹಿರಿಯರನ್ನು ನಾನು ಬಲ್ಲೆ. ಹೆಚ್ಚಿನವರು ಒಂದು ರೂಪಾಯಿ ಮುಟ್ಟುವುದಿಲ್ಲ. 'ಬೆಳಿಗ್ಗಿ ಬರೀ ಹೊಟ್ಟೀಲೆ ಬರ್ರಿ, ಎಣ್ಣಿ, ಖಾರ ಮುಟ್ಟಬ್ಯಾಡ್ರಿ, ಮೂರು ಐತವಾರದಾಗ ಇಳೀತೈತಿ' ಎನ್ನುತ್ತಾರೆ. ಇಳಿಯುತ್ತದೆ ಕೂಡ! ಮೋಸವೇನಿಲ್ಲ. ಕುಡಿಯುವ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಔಷಧ ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಇಳಿಯುತ್ತದೆ. ಲ್ಯಾಬಿನ ಭಾಷೆಯಲ್ಲಿ ಹೇಳುವುದಾದರೆ ಊರಿನ ಪ್ರಯೋಗದಲ್ಲಿ ಹೋಲಿಕೆಯ ಗುಂಪೇ ಇಲ್ಲ. ಎಲ್ಲರಿಗೂ ಔಷಧ ಸಿಕ್ಕಿದೆ, ಬಹುತೇಕ ಎಲ್ಲರೂ ಗುಣವಾಗಿದ್ದಾರೆ. ನಂಬಿಕೆ ಬೆಳೆಯಲು ಇಷ್ಟು ಸಾಲದೇ?

ತೊಂದರೆ ಆಗುವುದು ಉಳಿದ ಕೆಲವರಿಗೆ. ನಮ್ಮ ಓಣಿಯ ಒಬ್ಬ ಕಾಕಾ ಮೂರು ಐತವಾರ, ಆಮೇಲೆ ಮತ್ತೆ ಮೂರು ಐತವಾರ ಔಷಧಕ್ಕೆ ತಿರುಗಿದರು. ಹಳದಿ ಇಳಿಯಲಿಲ್ಲ, ಮೈತುಂಬ ತುರಿಕೆ ಎದ್ದಿತು. ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಅದನ್ನು ಯಾವ ಸೊಪ್ಪೂ ಕರಗಿಸುತ್ತಿರಲಿಲ್ಲ, ಜಗತ್ತಿನ ಯಾವ ಇಲಿ ಪ್ರಯೋಗವೂ ಅದಕ್ಕೆ ಸಂಬಂಧಪಟ್ಟದ್ದಲ್ಲ. ಅಷ್ಟರಲ್ಲಿ ಸೋಂಕು ಏರಿತ್ತು. ಅವರು ಉಳಿದರು, ಎರಡು ಎಕರೆ ಒತ್ತಿ ಬಿತ್ತು. ಅವರ ಮಗ ಆ ವರ್ಷ ಕಾಲೇಜು ಬಿಟ್ಟ. ಕಾಮಣಿ ಎನ್ನುವುದು ಒಂದೇ ರೋಗದ ಹೆಸರಲ್ಲ, ಹಲವು ರೋಗಗಳ ಒಂದೇ ಬಣ್ಣ ಎಂದು ಮೊದಲ ವಾರವೇ ಯಾರಾದರೂ ಹೇಳಿದ್ದರೆ ಸಾಕಿತ್ತು.

ಗಿಡ ಎಲ್ಲಿಂದ ಬರುತ್ತದೆ ಎನ್ನುವುದನ್ನೂ ಕೇಳಬೇಕು. ನೆಲನೆಲ್ಲಿ, ಗರಗ ಎರಡೂ ತೇವ ಇದ್ದಲ್ಲಿ ಹುಟ್ಟುವ ಕಳೆಗಳು. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಅವುಗಳಿಗೆ ಭತ್ತದ ಗದ್ದೆಯ ಬದುವೇ ತವರು. ಅದೇ ಗದ್ದೆಗೆ ನಾಟಿಯಾದ ಕೂಡಲೇ ಕಳೆನಾಶಕ ಹಾಕುತ್ತೇವೆ, ಆಮೇಲೆ ಹುಳಕ್ಕೆ, ರೋಗಕ್ಕೆ ಎಣ್ಣೆ ಹೊಡೆಯುತ್ತೇವೆ. ಅಂಥ ಬದುವಿನಿಂದ ಕಿತ್ತು ತಂದ ಸೊಪ್ಪನ್ನು ಲಿವರ್ ಸೋತವನಿಗೆ ಹಸಿಯಾಗಿ ಅರೆದು ಕುಡಿಸುತ್ತೇವೆ. ಅಜ್ಜಿಯ ಕಾಲದ ಗಿಡ ಅದೇ ಇರಬಹುದು, ಅಜ್ಜಿಯ ಕಾಲದ ಬದು ಈಗಿಲ್ಲ.

ಹಾಗಾದರೆ ಮನುಷ್ಯರ ಮೇಲೆ ಯಾರೂ ಪರೀಕ್ಷಿಸಿಲ್ಲವೇ? ಪರೀಕ್ಷಿಸಿದ್ದಾರೆ, ಅದೂ ನಮ್ಮ ನೆಲನೆಲ್ಲಿಯನ್ನೇ. ಈ ಕಥೆ ಪ್ರತಿ ಫಾರ್ಮಸಿ ವಿದ್ಯಾರ್ಥಿಗೂ ಗೊತ್ತಿರಬೇಕು. ಮದ್ರಾಸಿನಲ್ಲಿ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟರು. ಹೋಲಿಕೆಯ ಗುಂಪಿಗೆ ಔಷಧವಿಲ್ಲದ ಹುಸಿ ಗುಳಿಗೆ. 1988ರಲ್ಲಿ 'ಲ್ಯಾನ್ಸೆಟ್'ನಲ್ಲಿ ಫಲಿತಾಂಶ ಬಂತು: ಔಷಧ ಪಡೆದ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಸ್‌ನ ಗುರುತು ಮಾಯವಾಗಿತ್ತು, ಹುಸಿ ಗುಳಿಗೆಯ 23 ಜನರಲ್ಲಿ ಒಬ್ಬರಲ್ಲಿ ಮಾತ್ರ. ಈ ಪ್ರಬಂಧಕ್ಕೆ ಕೈಜೋಡಿಸಿದ್ದವರು ಹೆಪಟೈಟಿಸ್ ಬಿ ವೈರಸ್ಸನ್ನೇ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್. ಬದುವಿನ ಕಳೆಯೊಂದು ಜಗತ್ತಿನ ಸುದ್ದಿಯಾಯಿತು.

ಮುಂದೆ ಥಾಯ್ಲೆಂಡ್ ಮತ್ತಿತರ ಕಡೆ ಅದೇ ಪರೀಕ್ಷೆ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಎಲ್ಲ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ವಿಮರ್ಶೆ 2011ರಲ್ಲಿ ಹೇಳಿದ್ದು, ಹುಸಿ ಗುಳಿಗೆಗಿಂತ ಇದು ಮೇಲು ಎನ್ನಲು ನಂಬುವಂಥ ಆಧಾರವಿಲ್ಲ ಎಂದು. ಬೇಸರದ ಸುದ್ದಿಯೇ. ಆದರೂ ನನಗೆ ಆ ಮದ್ರಾಸಿನ ತಂಡದ ಮೇಲೆ ಇಲಿ ಪ್ರಬಂಧಗಳ ರಾಶಿಗಿಂತ ಹೆಚ್ಚು ಗೌರವವಿದೆ. ಅವರು ಸರಿಯಾದ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಕೇಳಿದರು. ಉತ್ತರ ತಪ್ಪಾಗಿದ್ದರೆ ಇನ್ನೊಬ್ಬರು ತಿದ್ದುವಂತೆ ಕೇಳಿದರು. ಇಲಿಯ ಮಟ್ಟಕ್ಕೇ ನಿಂತಿದ್ದರೆ ನೆಲನೆಲ್ಲಿ ಇವತ್ತಿಗೂ 'ವಿಜ್ಞಾನ ಒಪ್ಪಿದ' ಹೆಪಟೈಟಿಸ್ ಮದ್ದಾಗಿಯೇ ಉಳಿಯುತ್ತಿತ್ತು, ನಂಬಿದವರು ಲಸಿಕೆಯನ್ನೂ ಮಾತ್ರೆಯನ್ನೂ ಬಿಟ್ಟು ಕೂರುತ್ತಿದ್ದರು.

ಕೊರೊನಾ ಕಾಲದಲ್ಲಿ ನಡೆದದ್ದು ಇದರ ಇನ್ನೊಂದು ಮುಖ. ಅಮೃತಬಳ್ಳಿಯೂ ಇಲಿಯ ಲಿವರ್ ಕಾಪಾಡಿದ ಗಿಡಗಳ ಪಟ್ಟಿಯಲ್ಲಿದೆ. ರೋಗನಿರೋಧಕ ಶಕ್ತಿಗೆಂದು ಮನೆಮನೆಯಲ್ಲಿ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಕುಡಿದ ಮೇಲೆ ಯಕೃತ್ತಿಗೆ ಪೆಟ್ಟು ಬಿದ್ದ 6 ರೋಗಿಗಳ ವಿವರ ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ರೋಗಿಗಳ ವಿವರ ಕೊಟ್ಟರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದು ಅಮೃತಬಳ್ಳಿಯೇ, ಅದೇ ಜಾತಿಯ ಬೇರೊಂದು ಬಳ್ಳಿಯೇ ಎಂಬ ಪ್ರಶ್ನೆ ಎತ್ತಿತು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಕುಡಿಸುವ ಮೊದಲು ಕೇಳಬೇಕಲ್ಲವೇ? ಬಳ್ಳಿ ಯಾವುದು, ಅದರಲ್ಲಿ ಏನೇನಿದೆ, ಎಷ್ಟು ದಿನ ಕೊಡಬಹುದು, ಯಾರಿಗೆ ಕೊಡಬಾರದು? ಆರು ಇಲಿಗಳ ಗುಂಪಿನಲ್ಲಿ ಇದ್ಯಾವುದೂ ತಿಳಿಯುವುದಿಲ್ಲ. ಸಾವಿರದಲ್ಲಿ ಒಬ್ಬರಿಗೆ ಬರುವ ತೊಂದರೆ 30 ಇಲಿಗಳಲ್ಲಿ ಕಾಣುವುದಾದರೂ ಹೇಗೆ?

ನಾನು ಗಿಡಮೂಲಿಕೆಯ ವಿರೋಧಿ ಎಂದು ಯಾರಾದರೂ ಅಂದುಕೊಂಡರೆ ಸಿಲಿಮರಿನ್ ಕಡೆ ನೋಡಲಿ. ಅದೂ ಗಿಡದ್ದೇ. ಅದರ ಮುಖ್ಯ ಅಂಶವಾದ ಸಿಲಿಬಿನಿನ್ ಅನ್ನು ಯುರೋಪಿನ ಆಸ್ಪತ್ರೆಗಳಲ್ಲಿ ವಿಷದ ಅಣಬೆ ತಿಂದವರಿಗೆ ಚುಚ್ಚುಮದ್ದಾಗಿ ಕೊಡುತ್ತಾರೆ. ಯಾರೋ ಅದನ್ನು ಬೀಜದಿಂದ ಬೇರ್ಪಡಿಸಿ, ಅಳೆದು, ಯಾವ ಕಾಯಿಲೆಗೆ ಎಂದು ಗೊತ್ತುಮಾಡಿದ್ದರಿಂದ ಇದು ಸಾಧ್ಯವಾಯಿತು. ನಮ್ಮ ಕಾನೂನಿನಲ್ಲೂ ಇದಕ್ಕೆ ಜಾಗವಿದೆ. 2015ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಫೈಟೋಫಾರ್ಮಾಸ್ಯುಟಿಕಲ್' ಎಂಬ ಹೊಸ ವರ್ಗ ಮಾಡಿತು. ಶುದ್ಧಗೊಳಿಸಿದ, ಕನಿಷ್ಠ ನಾಲ್ಕು ಅಂಶಗಳನ್ನು ಗುರುತಿಸಿ ಅಳೆದ ಗಿಡದ ಸಾರವನ್ನು ಮಾಮೂಲಿ ಔಷಧದಂತೆಯೇ ಪರೀಕ್ಷಿಸಿ ಅನುಮತಿ ಪಡೆಯಬಹುದು. ದಾರಿ ಇದೆ, ಅದರ ಮೇಲೆ ನಡೆಯುವವರು ಕಡಿಮೆ.

ಯಾಕೆ ಕಡಿಮೆ ಎಂದರೆ ಪಾಪದ ವಿದ್ಯಾರ್ಥಿಯನ್ನು ಬೈದು ಪ್ರಯೋಜನವಿಲ್ಲ. ಎಂ.ಫಾರ್ಮಾ ಪ್ರಾಜೆಕ್ಟಿಗೆ ಸಿಗುವುದು ಕೆಲವೇ ತಿಂಗಳು. ಇಲಿ, ರಾಸಾಯನಿಕ, ರಕ್ತ ಪರೀಕ್ಷೆಯ ಕಿಟ್‌ಗಳಿಗೆ ಎಷ್ಟೋ ಕಡೆ ಮನೆಯವರೇ ದುಡ್ಡು ಹಾಕಬೇಕು. ಗೈಡ್‌ಗೆ ಪ್ರಬಂಧದ ಎಣಿಕೆ ಬೇಕು, ವಿದ್ಯಾರ್ಥಿಗೆ ಬಯೋಡಾಟಾದಲ್ಲಿ ಒಂದು ಸಾಲು ಬೇಕು. ಫಲಿತಾಂಶ ಖಾತ್ರಿ ಇರುವ ಐದು ಕಂಬದ ಪ್ರಯೋಗ ಎಲ್ಲರಿಗೂ ಅನುಕೂಲ. ಆದರೆ ಕೆಲಸ ಹುಡುಕುವ ಗೆಳೆಯರೇ, ಸಂದರ್ಶನದಲ್ಲಿ ಈ ಸಾಲು ಈಗ ಎಷ್ಟು ತೂಗುತ್ತದೆ? ಅಕ್ಕನ ಸೀನಿಯರ್ ಒಬ್ಬರಿಗೆ ಕಂಪನಿಯೊಂದರಲ್ಲಿ ಕೇಳಿದ್ದು ಎರಡೇ ಪ್ರಶ್ನೆಯಂತೆ: 'ನಿಮ್ಮ ಸಾರದಲ್ಲಿ ಏನಿತ್ತು? ಮುಂದಿನ ಬ್ಯಾಚ್‌ನಲ್ಲೂ ಅಷ್ಟೇ ಇರುತ್ತದೆ ಎಂದು ಹೇಗೆ ಹೇಳುತ್ತೀರಿ?' ಎರಡಕ್ಕೂ ಅವರ ವರದಿಯಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆಯನ್ನು ಸ್ವಲ್ಪ ಬದಲಿಸಿದರೂ ಅದೇ ಆರು ತಿಂಗಳಲ್ಲಿ ಬೇರೆ ಕೆಲಸ ಆಗುತ್ತದೆ. ಟಿ.ಬಿ.ಗೆ ಕೊಡುವ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಕೆಲವರಲ್ಲಿ ಲಿವರ್‌ಗೆ ಪೆಟ್ಟು ಕೊಡುತ್ತವೆ. ಆಗ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದೆ, ಟಿ.ಬಿ. ಮತ್ತೆ ಹೆಡೆ ಎತ್ತುತ್ತದೆ. ಯಾರಿಗೂ ಸಿಗದ ಟೆಟ್ರಾಕ್ಲೋರೈಡ್ ಬಿಟ್ಟು ಈ ಮಾತ್ರೆಗಳ ಎದುರು ನಮ್ಮ ಗಿಡಗಳನ್ನು ನಿಲ್ಲಿಸಿ ನೋಡಿದರೆ ಅದು ನಮ್ಮ ಜಿಲ್ಲೆಯ ಪ್ರಶ್ನೆಯಾಗುತ್ತದೆ. ಇಲ್ಲಿ ವಿಷ ಯಾವ ದಿನ ಶುರುವಾಗುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ, ಮೊದಲೇ ಸಾರ ಕೊಡುವುದಕ್ಕೂ ಅರ್ಥವಿದೆ. ಇನ್ನು ಬದುವಿನ ನೆಲನೆಲ್ಲಿಯಲ್ಲಿ ಕಳೆನಾಶಕ ಎಷ್ಟಿದೆ ಎಂದು ಅಳೆಯಲು ಒಂದು ಇಲಿಯೂ ಬೇಡ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಹತ್ತು ಹತ್ತು ಮಾದರಿ ತಂದರೆ ಸಾಕು. ಫೇಲಾದ ಗಿಡಗಳ ಫಲಿತಾಂಶವನ್ನೂ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹಾಕುವ ನಿಯಮ ಬಂದರೆ ಅದೇ ಗಿಡಕ್ಕೆ ಇನ್ನೊಂದು ಕಾಲೇಜು ಮತ್ತೆ 30 ಇಲಿಗಳನ್ನು ಕೊಲ್ಲುವುದು ತಪ್ಪುತ್ತದೆ. 2023ರಲ್ಲಿ ಹೊಸ ಔಷಧಗಳ ನಿಯಮಕ್ಕೆ ತಂದ ತಿದ್ದುಪಡಿ, ಪ್ರಾಣಿಗಳ ಬದಲು ಮಾನವ ಜೀವಕೋಶ, ಚಿಪ್‌ನಂಥ ವಿಧಾನಗಳಿಗೂ ಬಾಗಿಲು ತೆರೆದಿದೆ.

ಚಿಪ್ ಎಂದ ಮೇಲೆ ಅದು ನಮ್ಮ ಮನೆ ಬಾಗಿಲು. ಯಕೃತ್ತಿನ ಕೋಶಗಳನ್ನು ಸಣ್ಣ ಕಾಲುವೆಗಳಲ್ಲಿ ಬೆಳೆಸಿ, ನೀರು ಹಾಯಿಸಿದಂತೆ ಪೋಷಕಾಂಶ ಹಾಯಿಸಿ, ಕಿಣ್ವ ಸೋರುವುದನ್ನು ಸೆನ್ಸರ್‌ನಲ್ಲಿ ಅಳೆಯುವ ಸಾಧನಕ್ಕೆ ಫಾರ್ಮಸಿಯವರೂ ಬೇಕು, ಎಲೆಕ್ಟ್ರಾನಿಕ್ಸ್‌ನವರೂ ಬೇಕು. ನಾವು ಮಾತ್ರ ಪ್ರತಿ ವರ್ಷ ಲೈನ್ ಫಾಲೋವರ್ ರೋಬೊ, ತನ್ನಷ್ಟಕ್ಕೆ ಉರಿಯುವ ಬೀದಿ ದೀಪ ಮಾಡುತ್ತೇವೆ. ಅದು ನಮ್ಮ ಐದು ಕಂಬ! ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಬಿ.ಇ. ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತಾ ಬಂದಿದೆ. ಮುಂದಿನ ವರ್ಷಕ್ಕೆ ಅರ್ಜಿ ಹಾಕಲು ನಾವು ಮೂವರು ಗೆಳೆಯರು ತಯಾರಿ ನಡೆಸಿದ್ದೇವೆ. ಪೂರ್ತಿ ಚಿಪ್ ನಮ್ಮ ಕೈಗೆ ಎಟುಕದು, ಎಸ್‌ಜಿಪಿಟಿ ಏರಿದೆಯೋ ಇಲ್ಲವೋ ಎಂದು ಹಳ್ಳಿಯಲ್ಲೇ ಒಂದು ಹನಿ ರಕ್ತದಲ್ಲಿ ತೋರಿಸುವ ಅಗ್ಗದ ಮೀಟರ್ ಸಾಧ್ಯವೇ ಎಂದು ನೋಡುತ್ತಿದ್ದೇವೆ. ಔಷಧ ಕೊಡುವ ಹಿರಿಯರ ಮನೆಯ ಕಟ್ಟೆಯ ಮೇಲೇ ಅದು ಇರಬೇಕು ಎನ್ನುವುದು ಅಕ್ಕನ ಷರತ್ತು.

ಅದು ಆಗುವವರೆಗೆ ಒಂದು ವಿಷಯ ನಿಮ್ಮ ಓಣಿಯಲ್ಲಿ ಹೇಳಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ತಪಾಸಣೆಯೂ ಉಚಿತ, ಔಷಧವೂ ಉಚಿತ. ಮೊದಲ ಐತವಾರದ ಔಷಧಕ್ಕೆ ಹೊರಟವರನ್ನು ತಡೆಯಲು ಹೋಗಬೇಡಿ, ಯಾರೂ ಕೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಬೈಕ್ ಹತ್ತಿಸಿಕೊಂಡು ರಕ್ತ ಕೊಡಿಸಿಕೊಂಡು ಬನ್ನಿ.